ನೆಂಟನ ಮಾತು, ಮನೆಯವರ ತಕರಾರು

ಮಂಡ್ಯದ ಬಳಿಯ ಹೊಳಲಿನಲ್ಲಾಗಲಿ, ಮದ್ದೂರು, ಮಳವಳ್ಳಿ ಕಡೆಯ ಇನ್ನಾವುದೇ ಊರಿನಲ್ಲಾಗಲಿ ಮನೆಗೆ ನೆಂಟರು ಬಂದರೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ಮಜ್ಜಿಗೆಯೋ ಕಾಫಿಯೋ. ಬಂದವರ ಜೊತೆ ಗದ್ದೆ ಬದುವಿನದೋ, ನಾಲೆ ನೀರಿನ ಸರದಿಯದೋ ಹಳೆಯ ತಕರಾರು ಇದ್ದರೂ ಅದನ್ನು ಹೊಸಿಲಲ್ಲೇ ಎತ್ತುವುದಿಲ್ಲ. ಮನೆಯ ಹುಡುಗ ದುಡುಕಿ ಮಾತು ತೆಗೆಯಹೊರಟರೆ ಅಜ್ಜಿ, "ಈಗ ಬ್ಯಾಡ ಕಣ್ ಮಗ, ಮೊದ್ಲು ಉಣ್ಲಿ. ಆಮೇಲೆ ಕೇಳೀಯಂತೆ" ಎಂದು ತಡೆಯುತ್ತಾಳೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕೇಳಲೇಬೇಡ ಎಂದು ಅಜ್ಜಿ ಹೇಳುವುದಿಲ್ಲ. ಕೇಳುವುದಕ್ಕೆ ಒಂದು ಹೊತ್ತಿದೆ ಎನ್ನುತ್ತಾಳೆ.

ಆದರೆ ಆ ಹೊತ್ತು ಬಾರದೇ ಹೋದರೆ? ನೆಂಟ ಉಂಡು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಹೊರಟೇಬಿಟ್ಟರೆ? ಹುಡುಗನ ಪ್ರಶ್ನೆ ಏನಾಗಬೇಕು? ಈ ಸಣ್ಣ ಪ್ರಶ್ನೆಯೇ ದೊಡ್ಡ ದೊಡ್ಡ ದೇಶಗಳ ಸಂಸತ್ತುಗಳನ್ನೂ ಕಾಡುತ್ತಾ ಬಂದಿದೆ.

2025ರ ಅಕ್ಟೋಬರ್ 13ರಂದು ಇಸ್ರೇಲಿನ ಸಂಸತ್ತಾದ ಕ್ನೆಸೆಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಭಾಷಣ ಮಾಡುತ್ತಿದ್ದಾಗ ಅಯ್ಮನ್ ಓದೆ ಮತ್ತು ಓಫರ್ ಕಸಿಫ್ ಎಂಬ ಇಬ್ಬರು ಸದಸ್ಯರು ಪ್ರತಿಭಟಿಸಿದರು. ಪ್ಯಾಲೆಸ್ಟೈನಿಗೆ ಮಾನ್ಯತೆ ಕೊಡಬೇಕೆಂಬುದು ಅವರ ಬೇಡಿಕೆ. ಕಾವಲು ಸಿಬ್ಬಂದಿ ಅವರನ್ನು ಸಭಾಂಗಣದಿಂದ ಹೊರಗೆ ಹಾಕಿದರು, ಭಾಷಣ ಮುಂದುವರಿಯಿತು. ಇಂಥ ದೃಶ್ಯವನ್ನು ಟಿ.ವಿ.ಯಲ್ಲಿ ನೋಡಿದ ಮನೆಗಳಲ್ಲಿ ಎರಡು ಮಾತು ಹುಟ್ಟುವುದು ಸಹಜ. ಕರೆಸಿಕೊಂಡ ಅತಿಥಿಗೆ ಹೀಗೆ ಮಾಡಬಾರದಿತ್ತು ಎಂದು ಹಿರಿಯರು ಹೇಳಬಹುದು. ಇನ್ನೆಲ್ಲಿ ಹೇಳಬೇಕಿತ್ತು ಎಂದು ಮಕ್ಕಳು ಕೇಳಬಹುದು. ಎರಡೂ ಮಾತಿನಲ್ಲಿ ಹುರುಳಿದೆ. ತೀರ್ಪು ಕೊಡುವ ಮುನ್ನ ನಮ್ಮ ಮನೆಯ ಕಥೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಇಬ್ಬರು ಕನ್ನಡಿಗರ ಆತಿಥ್ಯ

ದೆಹಲಿಯ ಹಳೆಯ ಸಂಸತ್ ಭವನಕ್ಕೆ ಈಗ ‘ಸಂವಿಧಾನ ಸದನ’ ಎಂಬ ಹೆಸರು. 2023ರ ಸೆಪ್ಟೆಂಬರಿನಿಂದ ಕಲಾಪಗಳು ಹೊಸ ಕಟ್ಟಡದಲ್ಲಿ ನಡೆಯುತ್ತಿವೆ. ಹಳೆಯ ಭವನದ ನಡುವಿನ ಸೆಂಟ್ರಲ್ ಹಾಲಿನಲ್ಲಿ ನಮ್ಮ ಸಂವಿಧಾನ ರೂಪುಗೊಂಡಿತು. ವಿದೇಶದ ಗಣ್ಯರು ನಮ್ಮ ಸಂಸದರನ್ನು ಉದ್ದೇಶಿಸಿ ಮಾತನಾಡುತ್ತಿದ್ದದ್ದೂ ಅಲ್ಲಿಯೇ. ಐಸೆನ್‌ಹೋವರ್ 1959ರ ಡಿಸೆಂಬರಿನಲ್ಲಿ ಅಲ್ಲಿ ಮಾತನಾಡಿದರು.

1978ರ ಜನವರಿ 2ರಂದು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಂಸತ್ ಸದಸ್ಯರ ಮುಂದೆ ಭಾಷಣ ಮಾಡಿದರು. ಕನ್ನಡಿಗರು ನೆನಪಿಡಬೇಕಾದ ಸಂಗತಿಯೆಂದರೆ, ಆಗ ಎರಡೂ ಸದನಗಳ ಪೀಠದಲ್ಲಿದ್ದವರು ಕರ್ನಾಟಕದವರು. ಉಪರಾಷ್ಟ್ರಪತಿಯಾಗಿ ರಾಜ್ಯಸಭೆಯ ಸಭಾಪತಿಯಾಗಿದ್ದವರು ಬಿ.ಡಿ. ಜತ್ತಿ, ಲೋಕಸಭೆಯ ಸ್ಪೀಕರ್ ಆಗಿದ್ದವರು ಕೆ.ಎಸ್. ಹೆಗ್ಡೆ.

ಹೆಗ್ಡೆಯವರಿಗೆ ಪ್ರತಿಭಟನೆ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು. ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿದ್ದಾಗ, 1973ರಲ್ಲಿ, ಅವರೂ ಸೇರಿದಂತೆ ಮೂವರು ಹಿರಿಯರನ್ನು ಬದಿಗೊತ್ತಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಹೆಗ್ಡೆ, ಶೇಲತ್, ಗ್ರೋವರ್ ಮೂವರೂ ರಾಜೀನಾಮೆ ಕೊಟ್ಟು ಹೊರನಡೆದರು. ಪ್ರತಿಭಟನೆ ಎಂದರೆ ಕೂಗುವುದೊಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ನಾಲ್ಕು ವರ್ಷಗಳ ಬಳಿಕ ಅವರು ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆರಿಸಿಬಂದರು, ಸ್ಪೀಕರ್ ಆದರು.

ಕಾರ್ಟರ್ ಭೇಟಿಯ ಹೊತ್ತಿಗೆ ಎರಡು ದೇಶಗಳ ನಡುವೆ ನಿಜವಾದ ತಕರಾರೊಂದಿತ್ತು. ಅದು ತಾರಾಪುರದ ಅಣುವಿದ್ಯುತ್ ಸ್ಥಾವರದ ಇಂಧನದ ಪ್ರಶ್ನೆ. ನಿಸರ್ಗದಲ್ಲಿ ದೊರೆಯುವ ಯುರೇನಿಯಂನಲ್ಲಿ ಸುಲಭವಾಗಿ ವಿದಳನ ಹೊಂದುವ ಯುರೇನಿಯಂ-235 ಇರುವುದು ನೂರಕ್ಕೆ ಒಂದು ಭಾಗಕ್ಕಿಂತಲೂ ಕಡಿಮೆ, ಕೇವಲ 0.7 ಭಾಗ. 1969ರಲ್ಲಿ ಆರಂಭವಾದ ತಾರಾಪುರದ ಎರಡು ರಿಯಾಕ್ಟರುಗಳಿಗೆ ಈ ಪ್ರಮಾಣವನ್ನು ಹೆಚ್ಚಿಸಿದ ಇಂಧನವೇ ಬೇಕು. ಅದು ಅಮೆರಿಕದಿಂದ ಬರುತ್ತಿತ್ತು. 1974ರ ಮೇ 18ರಂದು ಪೋಖ್ರಾನಿನಲ್ಲಿ ಭಾರತ ಅಣುಸ್ಫೋಟ ನಡೆಸಿದ ಮೇಲೆ ಅಮೆರಿಕ ಷರತ್ತುಗಳನ್ನು ಮುಂದಿಟ್ಟಿತು. ಭಾರತ ಒಪ್ಪಲಿಲ್ಲ.

ಅದೇ ಭೇಟಿಯ ವೇಳೆ, ಮೈಕು ಚಾಲೂ ಇರುವುದು ತಿಳಿಯದೆ, ಕಾರ್ಟರ್ ತಮ್ಮ ವಿದೇಶಾಂಗ ಕಾರ್ಯದರ್ಶಿ ಸೈರಸ್ ವಾನ್ಸ್ ಅವರ ಕಿವಿಯಲ್ಲಿ ಒಂದು ಮಾತು ಹೇಳಿದರು. ಊರಿಗೆ ಮರಳಿದ ಮೇಲೆ ಈ ವಿಷಯದಲ್ಲಿ ಭಾರತಕ್ಕೆ ಮುಲಾಜಿಲ್ಲದ, ಖಡಕ್ಕಾದ ಪತ್ರ ಬರೆಯಬೇಕು ಎಂಬುದು ಅದರ ತಾತ್ಪರ್ಯ. ಮಾತು ವರದಿಗಾರರ ಕಿವಿಗೆ ಬಿತ್ತು. ಪ್ರಧಾನಿ ಮೊರಾರ್ಜಿ ದೇಸಾಯಿ ಅದನ್ನು ದೊಡ್ಡದು ಮಾಡಲಿಲ್ಲ. ವೇದಿಕೆಯ ಮೇಲಿನ ಮಾತು ಒಂದು, ನಿಜವಾದ ತಕರಾರು ಇರುವುದು ಇನ್ನೊಂದೆಡೆ ಎಂಬುದು ಆ ಮೈಕಿನಿಂದಾಗಿ ಎಲ್ಲರಿಗೂ ತಿಳಿಯಿತು.

ಬಾರದೇ ಹೋದ ನೆಂಟ

2000ದ ಮಾರ್ಚ್ 22ರಂದು ಬಿಲ್ ಕ್ಲಿಂಟನ್ ಸೆಂಟ್ರಲ್ ಹಾಲಿಗೆ ಬಂದಾಗ ಅವರ ಕೈಕುಲುಕಲು ನಮ್ಮ ಸಂಸದರು ಮುಗಿಬಿದ್ದದ್ದನ್ನು ದೇಶವೇ ನೋಡಿತು. ಆದರೆ ಅದರ ಹಿಂದಿನ ರಾತ್ರಿಯ ಔತಣಕೂಟದಲ್ಲಿ ಬೇರೊಂದು ಬಗೆಯ ಮಾತು ಕೇಳಿಬಂದಿತ್ತು. ಭಾರತ ಉಪಖಂಡವು ಜಗತ್ತಿನ ಅತ್ಯಂತ ಅಪಾಯಕಾರಿ ಸ್ಥಳವೆಂಬ ಬಣ್ಣನೆ ಅತಿಯಾದದ್ದು, ಶಾಂತಿಗೆ ಭಂಗ ತರುವವರಿಗೆ ಅದರಿಂದ ಕುಮ್ಮಕ್ಕು ಸಿಗುತ್ತದೆ ಎಂಬರ್ಥದಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅತಿಥಿಯ ಎದುರಿಗೇ ಹೇಳಿದ್ದರು. ಊಟವನ್ನೂ ಬಡಿಸಿದರು, ಉತ್ತರವನ್ನೂ ಕೊಟ್ಟರು.

ಆರು ವರ್ಷಗಳ ನಂತರ ಪರಿಸ್ಥಿತಿ ಬೇರೆಯಾಗಿತ್ತು. 2003ರಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧ ಹೂಡಿದಾಗ ನಮ್ಮ ಲೋಕಸಭೆ ಆ ವರ್ಷದ ಏಪ್ರಿಲ್ 8ರಂದು ಅದರ ವಿರುದ್ಧ ಸರ್ವಾನುಮತದ ನಿರ್ಣಯ ಮಾಡಿತ್ತು. ಹಿಂದಿ ನಿರ್ಣಯದಲ್ಲಿದ್ದ ಪದ ‘ನಿಂದಾ’. ಆ ಯುದ್ಧ ಹೂಡಿದ ಅಧ್ಯಕ್ಷ ಜಾರ್ಜ್ ಬುಷ್ 2006ರ ಮಾರ್ಚ್ 1ರಂದು ಭಾರತಕ್ಕೆ ಬಂದಿಳಿದರು. ಆಗಿನ ಮನಮೋಹನ್ ಸಿಂಗ್ ಸರ್ಕಾರ ನಿಂತಿದ್ದದ್ದೇ ಸುಮಾರು 60 ಮಂದಿ ಎಡಪಕ್ಷಗಳ ಸದಸ್ಯರ ಹೊರಗಿನ ಬೆಂಬಲದ ಮೇಲೆ. ಲೋಕಸಭೆಯ ಸ್ಪೀಕರ್ ಸೋಮನಾಥ ಚಟರ್ಜಿ ಅವರೂ ಸಿಪಿಎಂನಿಂದ ಬಂದವರು.

ಮಾರ್ಚ್ 2ರಂದು ಎಡಪಕ್ಷಗಳ ಹಾಗೂ ಸಮಾಜವಾದಿ ಪಕ್ಷದ ಸಂಸದರು ಬುಷ್ ವಿರುದ್ಧ ಘೋಷಣೆ ಕೂಗಿದರು. ಅದೇ ದಿನ ಪ್ರಧಾನಿ ಮತ್ತು ಬುಷ್ ಅಣುಶಕ್ತಿ ಸಹಕಾರದ ವಿಚಾರದಲ್ಲಿ ಒಮ್ಮತಕ್ಕೆ ಬಂದರು. ತಾರಾಪುರದ ಕಾಲದಿಂದ ಗಂಟು ಬಿದ್ದಿದ್ದ ಪ್ರಶ್ನೆಯನ್ನು ಬಿಡಿಸುವ ಪ್ರಯತ್ನ ಅದು. ಆದರೆ ಬುಷ್ ಸೆಂಟ್ರಲ್ ಹಾಲಿನಲ್ಲಿ ಮಾತನಾಡಲೇ ಇಲ್ಲ. ಸಂಸದರು ಪ್ರತಿಭಟಿಸುವ ಸಂಭವವೇ ಅದಕ್ಕೆ ಕಾರಣವೆಂದು ಆಗ ಪತ್ರಿಕೆಗಳು ಬರೆದವು. ಮಾರ್ಚ್ 3ರ ಸಂಜೆ ಅವರು ದೆಹಲಿಯ ಪುರಾನಾ ಕಿಲಾದಲ್ಲಿ, ಆಹ್ವಾನಿತರ ಮುಂದೆ ಭಾಷಣ ಮಾಡಿದರು.

ಇದರಲ್ಲಿ ಗೆದ್ದವರು ಯಾರು? ಅತಿಥಿಗೆ ಮುಜುಗರವಾಗಲಿಲ್ಲ, ನಿಜ. ಆದರೆ ಭಾರತದ ಜನ ಆರಿಸಿ ಕಳಿಸಿದವರ ಮುಖ ನೋಡಿ ಮಾತನಾಡುವ ಪ್ರಸಂಗವೂ ಅವರಿಗೆ ಬರಲಿಲ್ಲ. ಚಪ್ಪಾಳೆ ತಟ್ಟದೆ ಸುಮ್ಮನೆ ಕುಳಿತ ಸಾಲುಗಳನ್ನು ಅವರು ನೋಡಲಿಲ್ಲ. ವಿರೋಧಿಸಿದವರಿಗೂ ಅವರ ಮಾತನ್ನು ಎದುರು ಕುಳಿತು ಕೇಳುವ ಅವಕಾಶ ಸಿಗಲಿಲ್ಲ.

ಆದರೂ ಕಥೆ ಅಲ್ಲಿಗೆ ಮುಗಿಯಲಿಲ್ಲ ಎಂಬುದೇ ಸಮಾಧಾನ. ನೆಂಟ ಹೋದ ನಾಲ್ಕು ದಿನಕ್ಕೆ, ಮಾರ್ಚ್ 7ರಂದು, ಪ್ರಧಾನಿ ಸಂಸತ್ತಿಗೆ ಬಂದು ಒಪ್ಪಿದ್ದೇನು ಎಂಬುದರ ವಿವರ ಕೊಟ್ಟರು. ಒಟ್ಟು 22 ರಿಯಾಕ್ಟರುಗಳ ಪೈಕಿ 14 ಮಾತ್ರ ಅಂತರರಾಷ್ಟ್ರೀಯ ತಪಾಸಣೆಗೆ ಒಳಪಡುವುದೆಂಬ ಲೆಕ್ಕ ಹೊರಬಂದಿತು. ವಾದ ಎರಡು ವರ್ಷ ನಡೆಯಿತು. 2008ರ ಜುಲೈನಲ್ಲಿ ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡವು. ಜುಲೈ 22ರಂದು ಲೋಕಸಭೆ ಮತ ಹಾಕಿತು: ಸರ್ಕಾರದ ಪರ 275, ವಿರುದ್ಧ 256. ಆ ದಿನ ಸದನದಲ್ಲಿ ನೋಟಿನ ಕಂತೆಗಳನ್ನು ಎತ್ತಿ ತೋರಿಸಿದ ಕಹಿ ಘಟನೆಯೂ ನಡೆಯಿತೆಂಬುದನ್ನು ಮರೆಮಾಚಬೇಕಿಲ್ಲ. ಪೀಠ ಬಿಟ್ಟು ಬರಬೇಕೆಂಬ ಪಕ್ಷದ ಮಾತಿಗೆ ಸೋಮನಾಥ ಚಟರ್ಜಿ ಒಪ್ಪಲಿಲ್ಲ. ಮರುದಿನ ಪಕ್ಷ ಅವರನ್ನು ಉಚ್ಚಾಟಿಸಿತು. ಅಂತೂ 2006ರಲ್ಲಿ ಘೋಷಣೆಯಾಗಿದ್ದ ವಿರೋಧ 2008ರಲ್ಲಿ ಮತವಾಯಿತು. ಘೋಷಣೆಯನ್ನು ಎಣಿಸಲಾಗದು, ಮತವನ್ನು ಎಣಿಸಬಹುದು.

ಉತ್ತರವಿಲ್ಲದ ಭಾಷಣ

ವಿದ್ಯಾರ್ಥಿಗಳು ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿಯಬೇಕು. ಪ್ರತಿವರ್ಷದ ಮೊದಲ ಅಧಿವೇಶನದ ಆರಂಭದಲ್ಲಿ ನಮ್ಮ ರಾಜ್ಯಪಾಲರು ಸಂವಿಧಾನದ 176ನೇ ವಿಧಿಯಂತೆ ಉಭಯ ಸದನಗಳನ್ನು ಉದ್ದೇಶಿಸಿ ಭಾಷಣ ಮಾಡುತ್ತಾರೆ. 2019ರ ಫೆಬ್ರವರಿ 6ರಂದು ವಿಧಾನಸೌಧದಲ್ಲಿ ರಾಜ್ಯಪಾಲ ವಜುಭಾಯಿ ವಾಲಾ ಅವರು ಆಗ ವಿರೋಧ ಪಕ್ಷದಲ್ಲಿದ್ದ ಬಿಜೆಪಿ ಸದಸ್ಯರ ಗದ್ದಲದ ನಡುವೆ ಭಾಷಣವನ್ನು ಮೊಟಕುಗೊಳಿಸಿದರು. ಇಂಥ ದೃಶ್ಯ ಯಾವ ಪಕ್ಷಕ್ಕೂ ಹೊಸದಲ್ಲ. ಆದರೆ ರಾಜ್ಯಪಾಲರ ಭಾಷಣಕ್ಕೆ ಒಂದು ‘ಆಮೇಲೆ’ ಇದೆ. ವಂದನಾ ನಿರ್ಣಯದ ಮೇಲೆ ಚರ್ಚೆ ನಡೆಯುತ್ತದೆ. ಸದಸ್ಯರು ತಿದ್ದುಪಡಿ ಸೂಚಿಸಬಹುದು, ಸರ್ಕಾರ ಉತ್ತರ ಕೊಡಬೇಕು. ಹಾಗಿರುವಾಗ ಭಾಷಣವನ್ನೇ ತಡೆಯುವುದಕ್ಕೆ ಸಮರ್ಥನೆ ಕಡಿಮೆ.

ವಿದೇಶಿ ನಾಯಕನ ಭಾಷಣಕ್ಕೆ ಅಂಥ ‘ಆಮೇಲೆ’ ಇಲ್ಲ. ಅದು 108ನೇ ವಿಧಿಯ ಜಂಟಿ ಅಧಿವೇಶನವಲ್ಲ, ಗೌರವಕ್ಕಾಗಿ ಸೇರುವ ಸಭೆ. ಪ್ರಶ್ನೆಯಿಲ್ಲ, ಚರ್ಚೆಯಿಲ್ಲ. ಪ್ರಶ್ನೆ ಕೇಳುವುದಕ್ಕೆಂದೇ ಇರುವ ಜನರನ್ನು ಕೂರಿಸಿ ಪ್ರಶ್ನೆ ಕೇಳಬೇಡಿ ಎನ್ನುವ ಸಭೆ ಅದು. ಆದ್ದರಿಂದಲೇ ಅಲ್ಲಿ ಆಗಾಗ ಕಟ್ಟೆಯೊಡೆಯುತ್ತದೆ.

ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ. 2003ರ ಅಕ್ಟೋಬರ್ 23ರಂದು ಆಸ್ಟ್ರೇಲಿಯಾದ ಸಂಸತ್ತಿನಲ್ಲಿ ಬುಷ್ ಮಾತನಾಡುವಾಗ ಗ್ರೀನ್ಸ್ ಪಕ್ಷದ ಸೆನೆಟರುಗಳಾದ ಬಾಬ್ ಬ್ರೌನ್ ಮತ್ತು ಕೆರಿ ನೆಟಲ್ ಎದ್ದು ಅಡ್ಡ ಮಾತನಾಡಿದರು. ವಾಕ್ ಸ್ವಾತಂತ್ರ್ಯ ತಮಗೆ ಬಲು ಪ್ರೀತಿ ಎಂದು ಬುಷ್ ನಗೆಯಾಡಿದರು. ಸದಸ್ಯರಿಬ್ಬರಿಗೂ 24 ಗಂಟೆಗಳ ನಿರ್ಬಂಧ ಬಿತ್ತು. ಮರುದಿನ ಬಂದವರು ಚೀನಾದ ಅಧ್ಯಕ್ಷ ಹು ಜಿಂಟಾವೊ. ಅವರ ಭಾಷಣಕ್ಕೆ ಈ ಇಬ್ಬರಿಗೂ ಪ್ರವೇಶವಿರಲಿಲ್ಲ. ಒಂದು ನಿಮಿಷದ ಕೂಗಿಗೆ ತೆತ್ತ ಬೆಲೆ ಮರುದಿನದ ಹಾಜರಿ.

2023ರ ಜೂನ್ 22ರಂದು ನಮ್ಮ ಪ್ರಧಾನಿ ನರೇಂದ್ರ ಮೋದಿ ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮಾತನಾಡಿದಾಗ ರಶೀದಾ ತ್ಲೈಬ್, ಇಲ್ಹಾನ್ ಒಮರ್ ಮೊದಲಾದ ಕೆಲವು ಸದಸ್ಯರು ಕಾರಣ ತಿಳಿಸಿ ಗೈರುಹಾಜರಾದರು. ಭಾರತೀಯರಲ್ಲಿ ಹಲವರಿಗೆ ಇದು ನೋವು ತಂದಿತು, ಹಲವರಿಗೆ ಸರಿಯೆನಿಸಿತು. ಇಲ್ಲೊಂದು ಪರೀಕ್ಷೆಯಿದೆ. ನಮ್ಮವರು ಬೇರೆಯವರ ಮನೆಗೆ ಹೋದಾಗ ಯಾವ ನಡವಳಿಕೆ ನಮಗೆ ಸಹ್ಯವೋ, ಬೇರೆಯವರು ನಮ್ಮ ಮನೆಗೆ ಬಂದಾಗಲೂ ಅದೇ ಅಳತೆಗೋಲು ಇರಬೇಕು. ಪ್ರಯೋಗಶಾಲೆಯಲ್ಲಿ ತಕ್ಕಡಿಯ ಎರಡು ತಟ್ಟೆಗೂ ಒಂದೇ ನಿಯಮ ತಾನೆ?

ಈ ಅಳತೆಗೋಲಿನಿಂದ ನೋಡಿದರೆ, ಕಾರಣ ತಿಳಿಸಿ ದೂರವಿರುವುದು, ಹೊರಗೆ ನಿಂತು ಹೇಳುವುದು, ಒಳಗೆ ಕುಳಿತು ಚಪ್ಪಾಳೆ ತಟ್ಟದಿರುವುದು ಇವೆಲ್ಲ ಒಪ್ಪತಕ್ಕ ದಾರಿಗಳು. ಇವುಗಳಲ್ಲಿ ಕೇಳುವವರ ಕಿವಿಗೆ ಅಡ್ಡಿಯಿಲ್ಲ. ಕೂಗಿ ತಡೆಯುವುದು ಕೊನೆಯ ದಾರಿ. ಬೇರಾವ ದಾರಿಯೂ ಉಳಿದಿಲ್ಲ ಎನ್ನುವವರು ಅದನ್ನು ಹಿಡಿದರೆ, ಅದರ ಬೆಲೆಯನ್ನೂ ತಾವೇ ತೆರಬೇಕು. ಆದರೆ ದಾರಿಗಳನ್ನು ತೆರೆದಿಡುವ ಹೊಣೆ ಕೂಗುವವರದಲ್ಲ, ಸಭೆ ಕರೆದವರದು.

ಕೆರೆ ಕಟ್ಟಿದ ಹಿರಿಯರು ಏರಿಯ ಜೊತೆಗೇ ಕೋಡಿಯನ್ನೂ ಕಟ್ಟಿದರು. ಮಟ್ಟ ಮೀರಿದ ನೀರು ಕೋಡಿಯಲ್ಲಿ ಹರಿದುಹೋದರೆ ಏರಿ ಉಳಿಯುತ್ತದೆ. ಕೋಡಿಯನ್ನು ಮುಚ್ಚಿ, ಏರಿ ಒಡೆಯಿತೆಂದು ನೀರನ್ನು ಬೈದು ಫಲವಿಲ್ಲ.

ನಮ್ಮ ಶಾಲೆಗಳ ಮಾತೂ ಇಷ್ಟೇ. ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಬರುತ್ತಾರೆ, ಗಂಟೆಗಟ್ಟಲೆ ಮಾತನಾಡುತ್ತಾರೆ, ಹಾರ ಹಾಕಿಸಿಕೊಂಡು ಹೋಗುತ್ತಾರೆ. ಮಕ್ಕಳಿಗೆ ಪ್ರಶ್ನೆ ಕೇಳಲು ಹತ್ತು ನಿಮಿಷ ಇಡುವ ಶಾಲೆ ಎಷ್ಟಿವೆ? ಹಿಂದಿನ ಸಾಲಿನ ಗುಸುಗುಸುವಿಗೆ ಗದರುವ ಮುನ್ನ ಹಿರಿಯರು ಇದನ್ನು ಯೋಚಿಸಬೇಕು. ಮನೆಯಲ್ಲೂ ಅಷ್ಟೇ. ನೆಂಟ ಉಣ್ಣುವವರೆಗೆ ಹುಡುಗ ಕಾಯುವುದು ಸಂಸ್ಕಾರ. ಉಂಡ ಮೇಲೆ ಅವನಿಗೆ ಮಾತನಾಡಲು ಬಿಡುವುದೂ ಸಂಸ್ಕಾರವೇ. ಅಜ್ಜಿ ಹೇಳಿದ ‘ಆಮೇಲೆ’ ಅದೇ ದಿನ, ನೆಂಟ ಜಗುಲಿ ಇಳಿಯುವುದರೊಳಗೆ ಬರಬೇಕು.