ಮಂಡ್ಯದ ಕಾರ್ಖಾನೆ ನಿಂತರೆ ಹಾಸನೂರಿಗೇನು?



ಮಂಡ್ಯದ ಸಕ್ಕರೆ ಕಾರ್ಖಾನೆಯ ಮಾತನ್ನು ನಾವು ಎತ್ತಿದಾಗಲೆಲ್ಲ, ‘ಮೇಷ್ಟರೇ, ಅದು ಗಡಿಯಾಚೆಯ ಊರು, ನಮಗೇಕೆ ಆ ಉಸಾಬರಿ?’ ಎಂದು ಕೇಳುವವರು ನಮ್ಮಲ್ಲಿಯೇ ಇದ್ದಾರೆ. ಕಾರ್ಖಾನೆ ದೂರವಾದರೆ ಕಬ್ಬು ಬೆಳೆದವನ ಗತಿಯೇನೆಂಬುದನ್ನು ನಮಗಿಂತ ಬಲ್ಲವರಾರು? ತಾಳವಾಡಿ ಸೀಮೆಯ ಕಬ್ಬು ದಿಂಬದ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲದ ಕಡೆಗೆ ಹೋಗಬೇಕು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ರಾತ್ರಿಯ ವೇಳೆ ಭಾರದ ಲಾರಿಗಳಿಗೆ ಅಲ್ಲಿ ದಾರಿ ಮುಚ್ಚಿತು. ವನ್ಯಮೃಗಗಳ ಪ್ರಾಣರಕ್ಷಣೆಗಾಗಿ ಆದ ಆಜ್ಞೆ. ಅದನ್ನು ನಾವು ದೂರುವುದಿಲ್ಲ. ಆದರೆ ಕಡಿದ ಕಬ್ಬು ಆಜ್ಞೆಯನ್ನರಿಯದು. ದಿನ ಕಳೆದಂತೆ ಅದರ ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಹಗಲು ಹೊರಟ ಲಾರಿಗಾದರೂ ನೆಮ್ಮದಿಯುಂಟೇ? ಕಾರೇಪಳ್ಳದ ಬಳಿ ಆನೆಗಳು ರಸ್ತೆಗೇ ಬಂದು ತಮ್ಮ ಪಾಲು ಕೇಳುತ್ತವೆ!

ಮಂಡ್ಯದ ರೈತನಿಗೆ ಈ ಪಾಡು ಬಾರದಿರಲೆಂದೇ 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಹುಟ್ಟಿತು. ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಬಂದಿತ್ತು. ಆ ನೀರಿನಲ್ಲಿ ಬೆಳೆದ ಕಬ್ಬನ್ನು ಕೊಳ್ಳುವವರು ಬೇಕಾಗಿತ್ತು. ವ್ಯವಸಾಯ ಇಲಾಖೆಯ ಮುಖ್ಯಸ್ಥರಾಗಿದ್ದ ಕೆನಡ ದೇಶದ ಲೆಸ್ಲಿ ಕೋಲ್ಮನ್ನರು ಅದಕ್ಕಾಗಿ ದುಡಿದರು. ಸರ್ಕಾರದ ಹಣದೊಡನೆ ರೈತರ ಷೇರು ಹಣವೂ ಸೇರಿತು.

ಅಂಥ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿತು. ಎದುರಿಗೇ ಗಾಣವಿದ್ದರೂ ಮಂಡ್ಯದ ಕಬ್ಬು ಬೇರೆ ತಾಲ್ಲೂಕುಗಳ ದಾರಿ ಹಿಡಿಯಿತು. ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರಿಗೆ ಕೊಟ್ಟುದಾಯಿತು. ಮಂಡ್ಯದ್ದನ್ನೂ ಹಾಗೆಯೇ ಕೊಡುವ ಯೋಚನೆ ನಡೆಯಿತು. ರೈತರು ಬೀದಿಗಿಳಿದರು. 2021ರಲ್ಲಿ ಸರ್ಕಾರ ಆ ಯೋಚನೆಯನ್ನು ಕೈಬಿಟ್ಟಿತು. 2022ರಲ್ಲಿ ಕಬ್ಬು ನುರಿಸುವ ಕೆಲಸ ಮರಳಿ ಮೊದಲಾಯಿತು.

ನಷ್ಟದ ಕಾರ್ಖಾನೆಯನ್ನು ಮುಚ್ಚಿ ಯಂತ್ರಗಳನ್ನು ಗುಜರಿಗೆ ಹಾಕುವುದೇ ಜಾಣತನವೆಂದು ವಾದಿಸುವವರಿದ್ದಾರೆ. ಯಾರ ನಷ್ಟ, ಸ್ವಾಮಿ? ಕಂಪೆನಿಯ ಪುಸ್ತಕದಲ್ಲಿ ಬರೆದುದು ಮಾತ್ರ ನಷ್ಟವೇ? ಗದ್ದೆಯಲ್ಲಿ ಒಣಗಿದ ಕಬ್ಬು, ದೂರದ ಲಾರಿ ಬಾಡಿಗೆ, ಕೆಲಸ ತಪ್ಪಿದವನ ಮನೆಯ ಒಲೆ ಯಾವ ಪುಟದಲ್ಲಿವೆ? ದುರಸ್ತಿ ಕಾಣದೆ ನಿಂತ ಬಾಯ್ಲರಿಗೆ ತುಕ್ಕು ಹಿಡಿಯದೆ ಇದ್ದೀತೆ? ಆ ತುಕ್ಕನ್ನೇ ತೋರಿಸಿ ಯಂತ್ರ ಹಳತಾಯಿತೆನ್ನುವುದು ಮಗುವಿಗೆ ಅನ್ನ ಹಾಕದೆ ಬಡಕಲಾಯಿತೆಂದು ಬೈದಂತೆ.

ಮುಚ್ಚಬೇಕೆನ್ನುವವರು ಮೊದಲು ಈ ಲೆಕ್ಕವೆಲ್ಲವನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ, ಷೇರು ಕೊಂಡ ರೈತರ ಮುಂದೆ ಓದಲಿ. ಅಲ್ಲಿಯವರೆಗೆ ಒಂದು ಬೋಲ್ಟನ್ನೂ ಬಿಚ್ಚುವ ಹಕ್ಕು ಅವರಿಗಿಲ್ಲ.