ಪ್ರವಚನಕ್ಕಿಂತ ಪತ್ರ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೊದಲಾದ ಟೆಕ್ಸಸ್ಸಿನ ನಗರಗಳಲ್ಲಿ ನೆಲೆಸಿದ ನಮ್ಮ ಕನ್ನಡಿಗರಿಗೆ ಪ್ರವಚನದ ಅಭಾವವಿಲ್ಲ; ಆಸ್ಟಿನ್ನಿನ ಹೊರವಲಯದಲ್ಲಿ ಕೃಪಾಲು ಮಹಾರಾಜರ ಪರಂಪರೆಯ ರಾಧಾಮಾಧವ ಧಾಮವೆಂಬ ಆಶ್ರಮವಿದೆ, ಹ್ಯೂಸ್ಟನ್ನಿನಲ್ಲಿ ವೇದಾಂತ ಸೊಸೈಟಿಯಿದೆ, ಕಾರಿನಲ್ಲಿ ಕುಳಿತರೆ ಫೋನಿನಲ್ಲಿಯೇ ಸ್ವಾಮಿಗಳ ವಾಣಿ ಹರಿದುಬರುತ್ತದೆ. ಆದರೂ ಸಹಸ್ರ ಜನರನ್ನುದ್ದೇಶಿಸಿದ ಮಾತು ಯಾರೊಬ್ಬನನ್ನೂ ನೇರವಾಗಿ ತಟ್ಟುವುದಿಲ್ಲವೆಂಬುದು ನನ್ನ ಅಭಿಪ್ರಾಯ; ಒಬ್ಬನಿಗೆಂದೇ ಬರೆದ ಪತ್ರ ತಟ್ಟುತ್ತದೆ.

1923ರಲ್ಲಿ ಗೋರಖಪುರದಲ್ಲಿ ಧಾರ್ಮಿಕ ಗ್ರಂಥಗಳ ಪ್ರಕಾಶನ ಸಂಸ್ಥೆಯಾದ ಗೀತಾ ಪ್ರೆಸ್ಸನ್ನು ಸ್ಥಾಪಿಸಿದ ಜಯದಯಾಲ ಗೋಯಂದಕಾ ಅವರು ಮಠಾಧಿಪತಿಗಳಲ್ಲ. ಮಾರವಾಡಿ ವರ್ತಕರು, ಗೃಹಸ್ಥರು. ಸಾಧಕರ ಪ್ರಶ್ನೆಗಳಿಗೆ ಅವರು ಹಿಂದಿಯಲ್ಲಿ ಪತ್ರಗಳ ಮೂಲಕ ಬರೆದ ಉತ್ತರಗಳು 'ಪರಮಾರ್ಥ ಪತ್ರಾವಲಿ' ಎಂಬ ಹೆಸರಿನ ಭಾಗಗಳಾಗಿ ಅಚ್ಚಾಗಿವೆ. ಜಪದಲ್ಲಿ ಮನಸ್ಸು ನಿಲ್ಲದೆಂದು ಕೊರಗುವವನಿಗೆ, ವ್ಯಾಪಾರದ ನಡುವೆ ಸತ್ಯವನ್ನು ಹೇಗೆ ಪಾಲಿಸಲೆಂದು ಕೇಳುವವನಿಗೆ, ತಕ್ಕಡಿ ಹಿಡಿದು ಬಲ್ಲವರೊಬ್ಬರು ಕೊಡುವ ಉತ್ತರಕ್ಕೆ ಬೇರೆಯೇ ತೂಕವುಂಟು. ಪ್ರಶ್ನೆ ಕಾಣದಿದ್ದರೂ ಉತ್ತರದ ಅಂಚಿನಿಂದ ಅದನ್ನು ಊಹಿಸಿಕೊಳ್ಳುವುದೇ ಒಂದು ಸೊಗಸು.

ಸ್ತ್ರೀಯರ ವಿಷಯದಲ್ಲಿ, ವರ್ಣವ್ಯವಸ್ಥೆಯ ವಿಷಯದಲ್ಲಿ ಅವರ ನಿಲುವು ಹಳೆಯದು. ಅದನ್ನು ಇಂದು ತಲೆಯ ಮೇಲೆ ಹೊರಬೇಕಾದ ಅಗತ್ಯವಿಲ್ಲ. ಒಪ್ಪದ ಪುಟವನ್ನು ಪಕ್ಕಕ್ಕಿಟ್ಟು ಓದುವ ಸ್ವಾತಂತ್ರ್ಯವನ್ನು ಪತ್ರವು ಕೊಡುವಂತೆ ಸಭೆಯ ಪೀಠವು ಕೊಡುವುದಿಲ್ಲ.

ಆದಕಾರಣ ಟೆಕ್ಸಸ್ಸಿನ ಕನ್ನಡ ಸಂಘಗಳು ಹಬ್ಬದ ಊಟ, ಹಾಡುಗಳೊಡನೆ ತಿಂಗಳಿಗೊಂದು ಪತ್ರವನ್ನು ಓದಿ, ಹಿಂದಿ ಬಲ್ಲವರಿಂದ ಕನ್ನಡದಲ್ಲಿ ಹೇಳಿಸಿ, ಚರ್ಚಿಸುವುದು ಉಚಿತ. ಸಾಲದ ಕಂತು, ವೀಸಾದ ಚಿಂತೆ, ಊರಿನಲ್ಲಿ ಒಂಟಿಯಾದ ತಾಯಿ ಇವುಗಳ ನಡುವೆ ಧ್ಯಾನವೆಲ್ಲಿಯದೆಂದು ಕೇಳುವವರು ಆ ಸಂಘಗಳಲ್ಲಿಯೂ ಇದ್ದಾರೆ.