ಪಾತ್ರೆ ತೊಳೆಯುವ ಯಂತ್ರವು ಕಾಯದಿದ್ದರೆ

ಯಂತ್ರವು ನೀರನ್ನು ಕಾಯಿಸುತ್ತಿಲ್ಲವೆಂತಲೂ, ಪಾತ್ರೆಗಳ ಜಿಡ್ಡು ಹಾಗೆಯೇ ಉಳಿಯುತ್ತಿದೆಯೆಂತಲೂ ಈ ಮಳೆಗಾಲದಲ್ಲಿ ನಮ್ಮ ಕಾಪುವಿನ ನಾಲ್ಕಾರು ಮನೆಗಳಿಂದ ದೂರು ಕೇಳಿಬಂದಿದೆ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಮನೆಗೆಲಸದವರು ಬಾರದಾದಾಗ ಅನೇಕ ಗೃಹಸ್ಥರು ಈ ಯಂತ್ರವನ್ನು ಕೊಂಡರು. ಅದು ಕೆಟ್ಟಿತೆಂದು ಮೂಲೆ ಸೇರಿದರೆ ಆ ಕೆಲಸವು ಮರಳಿ ಯಾರ ಕೈಗೆ ಬೀಳುವುದೆಂಬುದನ್ನು ವಾಚಕ ಮಹಾಶಯರಿಗೆ ತಿಳಿಸಬೇಕಾದುದಿಲ್ಲ. ಆದಕಾರಣ ಹೊಸ ಹೀಟರಿಗೆ ಹಣ ತೆರುವ ಮುನ್ನ, ಯಂತ್ರವು ನಿಜವಾಗಿಯೂ ಕಾಯುತ್ತಿಲ್ಲವೇ ಎಂಬುದನ್ನು ಗೃಹಸ್ಥನು ತಾನೇ ನಿಶ್ಚಯಿಸಿಕೊಳ್ಳತಕ್ಕದ್ದು.

ಮನುಸ್ಮೃತಿಯ ಐದನೆಯ ಅಧ್ಯಾಯವು ಲೋಹಪಾತ್ರೆಗಳ ಶುದ್ಧಿಗೆ ಕ್ಷಾರವನ್ನೂ ಆಮ್ಲವನ್ನೂ ನೀರನ್ನೂ ವಿಧಿಸಿರುವುದು. ಯಂತ್ರವು ಮಾಡುವುದೂ ಅದನ್ನೇ: ಅದರ ಪುಡಿಯು ಕ್ಷಾರ, ಕಡೆಯ ಜಾಲಾಟದ ದ್ರವದಲ್ಲಿ ಸಾಮಾನ್ಯವಾಗಿ ನಿಂಬೆಯ ಹುಳಿ. ಆದರೆ ಇಲ್ಲಿ ಉಜ್ಜುವ ಕೈಯಿಲ್ಲವಾದುದರಿಂದ ನೀರು ಬಿಸಿಯಾಗಿರಲೇಬೇಕು. ತೆಂಗಿನೆಣ್ಣೆಯು ಸುಮಾರು 25 ಡಿಗ್ರಿಯಲ್ಲಿಯೇ ಕರಗುವುದು ನಿಜ. ಕರಗಿದ ಮಾತ್ರಕ್ಕೆ ಅದು ಪಾತ್ರೆಯನ್ನು ಬಿಟ್ಟುಹೋಗದು.

ಪಾತ್ರೆಗಳು ಒದ್ದೆಯಾಗಿಯೇ ಹೊರಬರುತ್ತವೆ ಎಂಬುದು ಸಾಕ್ಷ್ಯವಲ್ಲ. ಬಹುಪಾಲು ಯಂತ್ರಗಳಲ್ಲಿ ಕಡೆಯ ಜಾಲಾಟದ ಶಾಖದಿಂದಲೇ ಪಾತ್ರೆಗಳು ಒಣಗಬೇಕು. ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಆ ಶಾಖವು ನಿಲ್ಲುವುದಿಲ್ಲ. ಆಷಾಢದ ಗಾಳಿಯಂತೂ ನಮ್ಮ ಬಟ್ಟೆಗಳನ್ನೇ ಒಣಗಿಸದು. ತ್ವರಿತ ಕ್ರಮದಲ್ಲಿ ನೀರು ಬೆಚ್ಚಗಾದರೆ ಅದೇ ಹೆಚ್ಚು. ಜಿಡ್ಡಿನ ಪಾತ್ರೆಗಳಿಗೆಂದೇ ಇರುವ ತೀವ್ರಕ್ರಮವನ್ನು ಇಟ್ಟು ಪರೀಕ್ಷಿಸಬೇಕು.

ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಮನೆಯ ವಿದ್ಯುತ್ ಮೀಟರೇ ಸಾಕು. ಫ್ರಿಜ್ಜು ಮೊದಲಾಗಿ ಉಳಿದೆಲ್ಲವನ್ನೂ ಆರಿಸಿ, ಯಂತ್ರವೊಂದನ್ನೇ ನಡೆಯಿಸಿ, ಮೀಟರಿನ ಕೆಂಪು ದೀಪವನ್ನು ನೋಡುತ್ತಿರಿ. ನೀರನ್ನು ಚಿಮ್ಮಿಸುವ ಪಂಪಿಗೆ ನೂರು ವಾಟಿನ ಆಸುಪಾಸು ಸಾಕು. ಹೀಟರಿಗೆ ಸುಮಾರು 1800 ವಾಟು ಬೇಕು. 3200 ಎಂದು ಬರೆದಿರುವ ಮೀಟರಿನ ದೀಪವು ಪಂಪಿಗೆ ಹನ್ನೊಂದು ಸೆಕೆಂಡಿಗೊಮ್ಮೆ ಮಿನುಗಿದರೆ, ಹೀಟರು ಹೊತ್ತಿದಾಗ ಹತ್ತು ಸೆಕೆಂಡಿನಲ್ಲಿ ಹದಿನೇಳು ಸಲ ಮಿನುಗುವುದು. ಮಗುವಾದರೂ ಈ ಭೇದವನ್ನು ಗುರುತಿಸೀತು. ನಮ್ಮ ಬೀದಿಯ ಒಂದು ಮನೆಯವರು ಹೊಸ ಹೀಟರಿಗೆ ಮುಂಗಡ ಕೊಡುವುದರಲ್ಲಿದ್ದರು. ದೀಪವು ಧಾರಾಳವಾಗಿ ಮಿನುಗಿತು. ಅವರು ದಿನವೂ ಸಂಜೆ ಏಳಕ್ಕೆ ತ್ವರಿತ ಕ್ರಮವನ್ನು ಇಡುತ್ತಿದ್ದರು, ಅಷ್ಟೇ.

ಸಂಜೆ ಏಳೆಂಬುದಕ್ಕೂ ಅರ್ಥವುಂಟು. ನಮ್ಮ ತಾಲೂಕಿನ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳಿರುವುವಾದರೂ, ತಂತಿಯ ಕೊನೆಯ ಮನೆಯಲ್ಲಿ ಎಲ್ಲರ ದೀಪಗಳೂ ಉರಿಯುವ ಹೊತ್ತಿಗೆ 230 ವೋಲ್ಟು 180ಕ್ಕೆ ಇಳಿಯಬಹುದು. ಶಾಖವು ವೋಲ್ಟಿನ ವರ್ಗವನ್ನು ಅನುಸರಿಸುವುದರಿಂದ, ವೋಲ್ಟು ಐದರಲ್ಲಿ ಒಂದು ಪಾಲು ತಗ್ಗಿದರೆ ಶಾಖವು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತಗ್ಗುವುದು. ನಾಲ್ಕು ಲೀಟರು ನೀರನ್ನೂ ಹತ್ತು ಕಿಲೋ ಉಕ್ಕಿನ ಪಾತ್ರೆಗಳನ್ನೂ 27ರಿಂದ 65 ಡಿಗ್ರಿಗೆ ಏರಿಸಲು ಪೂರ್ಣ ವೋಲ್ಟಿನಲ್ಲಿ ಲೆಕ್ಕಕ್ಕೆ ಎಂಟು ನಿಮಿಷ. 180ರಲ್ಲಿ ಹನ್ನೆರಡಕ್ಕೂ ಮಿಕ್ಕು. ವ್ಯರ್ಥವಾಗುವ ಶಾಖವು ಬೇರೆ. ಕೆಲವು ಯಂತ್ರಗಳು ತಾಳಿಕೊಂಡು ಕಾಯುವುವು. ಕೆಲವು ಗಡುವು ತೀರಿದೊಡನೆ ಮುಂದೆ ಸಾಗುವುವು. ಬೆಳಗಿನ ಹೊತ್ತು ಒಮ್ಮೆ ನಡೆಯಿಸಿ ನೋಡಿದರೆ ಸಂಶಯ ಪರಿಹಾರವಾದೀತು.

ದೀಪವು ಕಡೆಯವರೆಗೂ ನಿಧಾನವಾಗಿಯೇ ಮಿನುಗಿದರೆ ಮೊದಲು ತಳದ ಜಾಲರಿಯನ್ನು ತೆಗೆದು ತೊಳೆಯತಕ್ಕದ್ದು. ಅನ್ನದ ಅಗುಳೂ ತೆಂಗಿನ ಚರಟವೂ ಅಲ್ಲಿ ಕಟ್ಟಿಕೊಂಡು ನೀರು ಸಾಲದಾದಾಗ, ಹೀಟರು ಸುಟ್ಟುಹೋಗದಂತೆ ಯಂತ್ರವೇ ಅದನ್ನು ತಡೆಹಿಡಿಯುವುದು. ನಲ್ಲಿಯೂ ಪೂರ್ತಿ ತೆರೆದಿರಬೇಕು. ಅನಂತರ ಪ್ಲಗ್ಗನ್ನು ಕಿತ್ತು ನೋಡಿ. ದೀಪಸ್ತಂಭದ ಕಡೆಯ ಮನೆಗಳಲ್ಲಿ ಉಪ್ಪುಗಾಳಿಯಿಂದ ಹಿತ್ತಾಳೆಯು ಹಸುರಾಗಿ, ಕರಕಾಗಿ, ಸಂಪರ್ಕವು ಕೆಡುವುದು. 16 ಆಂಪಿಯರಿನ ಸಾಕೆಟ್ಟೇ ಬೇಕು, ಚಿಕ್ಕದು ಸಲ್ಲದು.

ಹೀಟರು ಹೊತ್ತುವ ಕ್ಷಣದಲ್ಲಿಯೇ ಮನೆಯ ರಕ್ಷಣಾ ಸ್ವಿಚ್ಚು ಬಿದ್ದರೆ ವಿದ್ಯುತ್ತು ಸೋರುತ್ತಿದೆಯೆಂದು ತಿಳಿಯಬೇಕು. ಆ ಸ್ವಿಚ್ಚನ್ನು ಕಟ್ಟಿಹಾಕುವ ಸಾಹಸವನ್ನು ಯಾರೂ ಮಾಡಕೂಡದು, ಪ್ರಾಣಾಪಾಯವುಂಟು. ಕೊಳವೆಬಾವಿಯ ಗಡಸು ನೀರನ್ನು ಬಳಸುವವರು, ಬಚ್ಚಲ ಹಂಡೆಯಲ್ಲಿ ಕಟ್ಟುವಂಥ ಬಿಳಿಯ ಪದರವು ಹೀಟರಿಗೂ ಕಟ್ಟುವುದೆಂದು ನೆನೆದು, ಯಂತ್ರಕ್ಕೆಂದೇ ಮಾರುವ ಉಪ್ಪನ್ನು ತಪ್ಪದೆ ಹಾಕುತ್ತಿರಬೇಕು. ಮುರಕಲ್ಲಿನ ಬಾವಿಯ ನೀರಿಗೆ ಈ ಚಿಂತೆ ಕಡಮೆ.

ಇಷ್ಟಾದರೂ ನೀರು ಕಾಯದಿದ್ದರೆ ಕುಶಲಕರ್ಮಿಯನ್ನು ಕರೆಸುವುದೇ ಸರಿ. ಹೀಟರು ಹೋಯಿತೆಂದು ಆತನು ಹೇಳಿದರೆ, ಅದನ್ನು ಅಳೆದು ತೋರಿಸೆಂದು ಕೇಳತಕ್ಕದ್ದು. 1800 ವಾಟಿನ ಹೀಟರು ನೆಟ್ಟಗಿದ್ದರೆ ಸುಮಾರು 29 ಓಮ್ ತೋರಿಸುವುದು. ಹಾಗೆ ತೋರಿಸಿದಲ್ಲಿ ದೋಷವು ಶಾಖವನ್ನು ಅಳೆಯುವ ಭಾಗದಲ್ಲಿಯೋ ಹೀಟರಿಗೆ ಅಪ್ಪಣೆ ಕೊಡುವ ಫಲಕದಲ್ಲಿಯೋ ಇರಬೇಕು. ಹೊಸ ಹೀಟರಿನಿಂದ ಅದು ಹೋಗದು.